ಪರದೇಶದ ಪತ್ರ ಬಂದಾಗ: ಸರ್ಕಾರಗಳಿಗೊಂದು ಬಳಕೆಯ ಕೈಪಿಡಿ

ಅಭಿನಂದನೆಗಳು! ನಿಮ್ಮ ಸರ್ಕಾರಕ್ಕೆ ಮೊತ್ತಮೊದಲ ‘ಅಂತಾರಾಷ್ಟ್ರೀಯ ಕಳವಳ’ ಬಂದು ತಲುಪಿದೆ. ಬಡವರ ಪರ ಮಾತಾಡುವ ಒಬ್ಬ ವಕೀಲರನ್ನೋ, ಪತ್ರಕರ್ತೆಯನ್ನೋ, ವಯಸ್ಸಾದ ಪಾದ್ರಿಯನ್ನೋ ನೀವು ಒಳಗೆ ಹಾಕಿದ್ದೀರಿ. ಯಾಕೆ ಎಂದು ಹೊರಗಿನವರು ಕೇಳುತ್ತಿದ್ದಾರೆ. ಗಾಬರಿ ಬೇಡ.

ಈ ಕೈಪಿಡಿ ಸಿದ್ಧವಾದದ್ದು ಐರ್ಲೆಂಡಿನ ಕಾರ್ಕ್ ನಗರದ ಹಾಲಿಹಿಲ್‌ನಲ್ಲಿ. ಇಲ್ಲಿ 1980ರಿಂದ ಆ್ಯಪಲ್ ಕಾರ್ಖಾನೆಯಿದೆ, ಹಾಗಾಗಿ ಯಂತ್ರಕ್ಕೊಂದು ಕೈಪಿಡಿ ಬೇಕೆಂಬುದು ಊರಿಗೆ ಗೊತ್ತು. ಸರ್ಕಾರಕ್ಕೂ ಒಂದು ಬೇಕೆಂಬುದು ಕಾರ್ಕಿನವರಿಗೆ ಅದಕ್ಕೂ ಅರವತ್ತು ವರ್ಷ ಮುಂಚೆಯೇ ಗೊತ್ತಾಗಿತ್ತು.

ಪರೀಕ್ಷೆಗೆ ಒಳಪಡಿಸಿದ ಮಾದರಿಗಳು

ಮಾದರಿ ಒಂದು: ಬ್ರಿಟನ್, 1920. ಕಾರ್ಕಿನ ಮೇಯರ್ ಟೆರೆನ್ಸ್ ಮ್ಯಾಕ್‌ಸ್ವೀನಿಯನ್ನು ಆಗಸ್ಟ್‌ನಲ್ಲಿ ನಗರಸಭೆಯ ಕಟ್ಟಡದಲ್ಲೇ ಹಿಡಿದು, ಸೇನಾ ನ್ಯಾಯಾಲಯದಿಂದ ಎರಡು ವರ್ಷ ಶಿಕ್ಷೆ ಕೊಡಿಸಿ, ಲಂಡನ್ನಿನ ಬ್ರಿಕ್ಸ್‌ಟನ್ ಜೈಲಿಗೆ ಸಾಗಿಸಲಾಯಿತು. ಹಿಡಿದ ದಿನವೇ ಅವರು ಅನ್ನ ಬಿಟ್ಟಿದ್ದರು. 74 ದಿನಗಳ ಬಳಿಕ, ಅಕ್ಟೋಬರ್ 25ರಂದು, ಪ್ರಾಣ ಬಿಟ್ಟರು.

ಮಾದರಿ ಎರಡು: ಭಾರತ, 2020. ಜೆಸ್ವಿಟ್ ಪಾದ್ರಿ ಸ್ಟ್ಯಾನ್ ಸ್ವಾಮಿ ಬೆಂಗಳೂರಿನ ಇಂಡಿಯನ್ ಸೋಷಿಯಲ್ ಇನ್‌ಸ್ಟಿಟ್ಯೂಟಿನ ನಿರ್ದೇಶಕರಾಗಿದ್ದವರು, ಆಮೇಲೆ ಜಾರ್ಖಂಡಿನ ಆದಿವಾಸಿಗಳ ನಡುವೆ ನೆಲೆ ನಿಂತವರು. ಮಹಾರಾಷ್ಟ್ರದ ಭೀಮಾ ಕೋರೆಗಾಂವ್ ಹಿಂಸಾಚಾರದ ಪ್ರಕರಣದಲ್ಲಿ ರಾಷ್ಟ್ರೀಯ ತನಿಖಾ ಸಂಸ್ಥೆ ಅಕ್ಟೋಬರ್ 8ರಂದು ಅವರನ್ನು ರಾಂಚಿಯಲ್ಲಿ ಬಂಧಿಸಿದಾಗ ಅವರಿಗೆ 83 ವರ್ಷ, ಮೈಯಲ್ಲಿ ಪಾರ್ಕಿನ್ಸನ್ ಕಾಯಿಲೆ.

ಹಂತ 1: ಪತ್ರ ಓದಬೇಡಿ, ದಿನಾಂಕ ನೋಡಿ

ವಿಶ್ವಸಂಸ್ಥೆಯ ವಿಶೇಷ ವರದಿಗಾರರು ಆರೋಪ ಪತ್ರ ಬರೆದರೆ ಉತ್ತರಕ್ಕೆ ಸಾಮಾನ್ಯವಾಗಿ 60 ದಿನ ಕೊಡುತ್ತಾರೆ. ಅಲ್ಲಿಯವರೆಗೆ ಪತ್ರ ಗುಟ್ಟಾಗಿಯೇ ಇರುತ್ತದೆ. ಜೈಲಿನಲ್ಲಿರುವವನಿಗೆ 60 ದಿನ ಬಹಳ, ಕಚೇರಿಯ ಕಡತಕ್ಕೆ ಏನೂ ಅಲ್ಲ. ಈ ವ್ಯತ್ಯಾಸವೇ ನಿಮ್ಮ ಬಂಡವಾಳ.

ಹಂತ 2: ‘ಕಾನೂನು ತನ್ನ ಕೆಲಸ ಮಾಡುತ್ತದೆ’ ಗುಂಡಿ ಒತ್ತಿ

ಈ ಗುಂಡಿ ನೂರು ವರ್ಷ ಹಳೆಯದು, ಇನ್ನೂ ಸವೆದಿಲ್ಲ. 1920ರಲ್ಲಿ ನ್ಯೂಯಾರ್ಕ್ ಬಂದರಿನ ಕೂಲಿಗಳು ಬ್ರಿಟಿಷ್ ಹಡಗುಗಳ ಕೆಲಸ ನಿಲ್ಲಿಸಿದರೂ ಪ್ರಧಾನಿ ಲಾಯ್ಡ್ ಜಾರ್ಜ್ ಬೆರಳು ಎತ್ತಲಿಲ್ಲ. 2021ರಲ್ಲಿ ಸ್ಟ್ಯಾನ್ ಸ್ವಾಮಿ ಬಂಧನದಲ್ಲೇ ಸತ್ತ ಬೆನ್ನಿಗೇ ಭಾರತದ ವಿದೇಶಾಂಗ ಸಚಿವಾಲಯವೂ ಅದನ್ನೇ ಒತ್ತಿತು: ಬಂಧನ ಕಾನೂನು ಪ್ರಕಾರವೇ ನಡೆದಿದೆ, ಜಾಮೀನು ನಿರಾಕರಿಸಿದ್ದು ನ್ಯಾಯಾಲಯ, ದೇಶದಲ್ಲಿ ಸ್ವತಂತ್ರ ನ್ಯಾಯಾಂಗವಿದೆ, ಮಾನವ ಹಕ್ಕುಗಳ ಆಯೋಗವಿದೆ. ಕಾನೂನನ್ನು ಬರೆದವರು ಯಾರು ಎಂದು ಯಾರಾದರೂ ಕೇಳಿದರೆ ಮುಂದಿನ ಹಂತಕ್ಕೆ ಹೋಗಿ.

ಹಂತ 3: ಪತ್ರ ಬರೆದವರ ಜಾತಕ ತೆಗೆಯಿರಿ

‘ಮೊದಲು ನಿಮ್ಮ ಮನೆ ಗುಡಿಸಿಕೊಳ್ಳಿ’, ‘ಇದು ವಸಾಹತುಶಾಹಿ ಮನಸ್ಥಿತಿ’ ಎಂಬ ಎರಡು ಬಿಡಿಭಾಗಗಳು ಪೆಟ್ಟಿಗೆಯಲ್ಲಿವೆ. ಅಮೆರಿಕಕ್ಕೂ ಬ್ರಿಟನ್ನಿಗೂ ಸರಿಯಾಗಿ ಕೂರುತ್ತವೆ.

ಐರ್ಲೆಂಡಿಗೆ ಎರಡನೆಯದು ಕೂರುವುದಿಲ್ಲ. ಸ್ಟ್ಯಾನ್ ಸ್ವಾಮಿ ವಿಚಾರದಲ್ಲಿ ಗಟ್ಟಿಯಾಗಿ ದನಿ ಎತ್ತಿದ ಇಬ್ಬರು ಐರಿಷರೇ: ಹಕ್ಕುಗಳ ಹೋರಾಟಗಾರರ ಪರ ವಿಶ್ವಸಂಸ್ಥೆಯ ವಿಶೇಷ ವರದಿಗಾರ್ತಿಯಾಗಿದ್ದ ಮೇರಿ ಲಾಲರ್ ಮತ್ತು ಐರೋಪ್ಯ ಒಕ್ಕೂಟದ ಮಾನವ ಹಕ್ಕು ಪ್ರತಿನಿಧಿಯಾಗಿದ್ದ ಏಮನ್ ಗಿಲ್ಮೋರ್. ಇವರ ದೇಶವೂ ಅದೇ ಸಾಮ್ರಾಜ್ಯದ ಬೂಟಿನಡಿ ಇದ್ದದ್ದು. 1929ರಲ್ಲಿ ಲಾಹೋರಿನ ಜೈಲಿನಲ್ಲಿ 63 ದಿನ ಉಪವಾಸವಿದ್ದು ಜತೀಂದ್ರನಾಥ ದಾಸ್ ತೀರಿಕೊಂಡಾಗ, ಮ್ಯಾಕ್‌ಸ್ವೀನಿ ಕುಟುಂಬದಿಂದ ಭಾರತಕ್ಕೆ ತಂತಿ ಬಂತು. ಅದನ್ನು ಆಂತರಿಕ ವಿಷಯದಲ್ಲಿ ಮೂಗು ತೂರಿಸಿದ್ದು ಎಂದು ಆಗ ನಮ್ಮವರು ಯಾರೂ ಕರೆಯಲಿಲ್ಲ. ಈ ಇತಿಹಾಸವನ್ನು ನಿಮ್ಮ ವಕ್ತಾರರ ಕೈಗೆ ಸಿಗದ ಹಾಗೆ ಇಡಿ.

ಹಂತ 4: ಅಂಚೆ ಡಬ್ಬಿಯನ್ನೇ ಕಿತ್ತುಹಾಕಿ

ಪತ್ರ ನಿಲ್ಲಿಸಲಾಗದಿದ್ದರೆ, ಅದಕ್ಕೆ ಮಾಹಿತಿ ಒದಗಿಸುವವರನ್ನು ನಿಲ್ಲಿಸಿ. ಲೆಕ್ಕ ಕೇಳಿ, ದಾಳಿ ಮಾಡಿ, ಖಾತೆಗೆ ಬೀಗ ಹಾಕಿ. ಬ್ಯಾಂಕ್ ಖಾತೆಗಳು ಸ್ಥಗಿತಗೊಂಡಿವೆ, ಇನ್ನು ಕೆಲಸ ಮಾಡಲಾಗದು ಎಂದು ಬೆಂಗಳೂರಿನಲ್ಲಿ ಕಚೇರಿಯಿದ್ದ ಮಾನವ ಹಕ್ಕು ಸಂಸ್ಥೆ ಆಮ್ನೆಸ್ಟಿ ಇಂಡಿಯಾ ಸಾರಿದ್ದು 2020ರ ಸೆಪ್ಟೆಂಬರ್ 29ರಂದು. ವಿದೇಶಿ ದೇಣಿಗೆಯ ಕಾನೂನು ಮುರಿದಿದ್ದಾರೆ ಎಂದಿತು ಸರ್ಕಾರ. ಸ್ಟ್ಯಾನ್ ಸ್ವಾಮಿಯ ಬಂಧನ ಆದದ್ದು ಒಂಬತ್ತು ದಿನ ಕಳೆದು.

ಎಚ್ಚರಿಕೆ: ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳಬಾರದು. ಪತ್ರಕ್ಕೆ ಬೆಲೆಯೇ ಇಲ್ಲವಾದರೆ ಖಾತೆಗೆ ಬೀಗ ಯಾಕೆ ಎಂದು ಚುರುಕು ಓದುಗರು ಕೇಳಿಯಾರು.

ಹಂತ 5: ಸತ್ತವರನ್ನೂ ಕಾವಲಿನಲ್ಲಿಡಿ

ಮ್ಯಾಕ್‌ಸ್ವೀನಿಯ ಶವಪೆಟ್ಟಿಗೆ ಡಬ್ಲಿನ್ ಮೂಲಕ ಹೋದರೆ ಜನ ಸೇರುತ್ತಾರೆಂದು ಸರ್ಕಾರ ಅದನ್ನು ಹಡಗಿನಲ್ಲಿ ನೇರ ಕಾರ್ಕ್ ಕಡೆಗೆ ತಿರುಗಿಸಿತು. ಡಬ್ಲಿನ್ನಿನಲ್ಲಿ ಪೆಟ್ಟಿಗೆ ಇಲ್ಲದೆಯೇ ಮೆರವಣಿಗೆ ನಡೆಯಿತು. ಕಾರ್ಕಿನಲ್ಲಿ ಊರಿಗೆ ಊರೇ ಸೇರಿತು.

ತಿಳಿದಿರುವ ದೋಷ: ಸ್ಟ್ರಾ

ಈ ಯಂತ್ರದಲ್ಲಿ ಒಂದೇ ಒಂದು ದೋಷವಿದೆ. ನಮ್ಮ ತಂತ್ರಜ್ಞರಿಗೆ ಇನ್ನೂ ಸರಿಪಡಿಸಲಾಗಿಲ್ಲ.

ಸ್ಟ್ಯಾನ್ ಸ್ವಾಮಿಯವರ ಕೈ ನಡುಗುತ್ತಿತ್ತು, ಲೋಟ ನಿಲ್ಲುತ್ತಿರಲಿಲ್ಲ. ಮುಂಬೈ ಬಳಿಯ ತಳೋಜಾ ಜೈಲಿನಿಂದ ನವೆಂಬರಿನಲ್ಲಿ ನ್ಯಾಯಾಲಯಕ್ಕೆ ಅರ್ಜಿ ಹಾಕಿ, ಕುಡಿಯಲು ತಮ್ಮ ಸ್ಟ್ರಾ ಮತ್ತು ಸಿಪ್ಪರ್ ಕೊಡಿಸಿ ಎಂದು ಕೇಳಿದರು. ಉತ್ತರ ಕೊಡಲು ತನಿಖಾ ಸಂಸ್ಥೆ 20 ದಿನ ತೆಗೆದುಕೊಂಡಿತು. ಅವರ ಸಿಪ್ಪರ್ ನಾವು ತೆಗೆದುಕೊಂಡೇ ಇಲ್ಲ ಎಂಬುದು ಆ ಉತ್ತರ. ಅಷ್ಟರಲ್ಲಿ ದೇಶದ ಮೂಲೆಮೂಲೆಯಿಂದ ಜನ ಅಂಚೆಯಲ್ಲಿ, ಕೊರಿಯರಿನಲ್ಲಿ ಸ್ಟ್ರಾ ಕಳಿಸತೊಡಗಿದರು. ಸುದ್ದಿ ಗಡಿ ದಾಟಿತು. ಕೊನೆಗೆ ಸಿಪ್ಪರ್ ಸಿಕ್ಕಿತು.

ವಿಶ್ವಸಂಸ್ಥೆಯ ಕಳವಳಕ್ಕೆ ಸಾರ್ವಭೌಮತ್ವದ ಉತ್ತರವಿದೆ, ಐರೋಪ್ಯ ಒಕ್ಕೂಟಕ್ಕೆ ನ್ಯಾಯಾಂಗದ ಉತ್ತರವಿದೆ. ಸ್ಟ್ರಾ ಕೊಟ್ಟರೆ ದೇಶಕ್ಕೆ ಏನಾಗುತ್ತದೆ ಎಂದು ಕೇಳಿದರೆ ಯಾವ ವಕ್ತಾರರ ಬಳಿಯೂ ಉತ್ತರವಿಲ್ಲ. ಹೊರಗಿನ ಒತ್ತಡ ಜೈಲಿನ ಬಾಗಿಲು ತೆರೆಯುವುದು ಅಪರೂಪ. ಆದರೆ ಸಿಪ್ಪರ್, ಗಾಲಿಕುರ್ಚಿ, ಆಸ್ಪತ್ರೆಯ ಹಾಸಿಗೆ ಇಂಥ ಸಣ್ಣ ಸಂಗತಿಗಳಲ್ಲಿ ಅದು ಗೆಲ್ಲುತ್ತದೆ. ಒಳಗಿರುವವನ ದಿನ ಸಾಗುವುದು ಇವುಗಳಿಂದಲೇ. ಪತ್ರ ಬರೆಯುವವರು ಇದನ್ನು ಅರಿತುಕೊಂಡು ದೊಡ್ಡ ಪದಗಳನ್ನು ಬಿಟ್ಟು ಸಣ್ಣ ವಸ್ತುಗಳನ್ನೇ ಕೇಳತೊಡಗಿದರೆ ಈ ಕೈಪಿಡಿ ಕೈಕೊಡುತ್ತದೆ.

ಜಾಮೀನು ಮಾತ್ರ ಸಿಗಲಿಲ್ಲ. 2021ರ ಜುಲೈ 5ರಂದು ಬಾಂಬೆ ಹೈಕೋರ್ಟಿನಲ್ಲಿ ಅವರ ಜಾಮೀನು ಅರ್ಜಿ ವಿಚಾರಣೆಗೆ ಬಂದಾಗ, ಅರ್ಜಿದಾರರು ಇನ್ನಿಲ್ಲ ಎಂದು ನ್ಯಾಯಾಲಯಕ್ಕೆ ತಿಳಿಸಬೇಕಾಯಿತು.

ಖಾತರಿ

ಈ ಕೈಪಿಡಿಯ ಖಾತರಿ ಅಧಿಕಾರದ ಅವಧಿಗೆ ಮಾತ್ರ ಅನ್ವಯ. ಆಮೇಲೆ ಬರುವ ವರದಿ, ಪುಸ್ತಕ, ಪಶ್ಚಾತ್ತಾಪಗಳಿಗೆ ಕಂಪನಿ ಹೊಣೆಯಲ್ಲ. 74 ದಿನಗಳ ಉಪವಾಸಕ್ಕೆ ಮಣಿಯದ ಲಾಯ್ಡ್ ಜಾರ್ಜ್, 1921ರ ಡಿಸೆಂಬರಿನಲ್ಲಿ ಮ್ಯಾಕ್‌ಸ್ವೀನಿಯ ಒಡನಾಡಿಗಳ ಎದುರೇ ಕೂತು ಐರ್ಲೆಂಡಿನೊಂದಿಗಿನ ಒಪ್ಪಂದಕ್ಕೆ ರುಜು ಹಾಕಬೇಕಾಯಿತು. ಇದನ್ನು ತಯಾರಿಕೆಯ ದೋಷವೆಂದು ಪರಿಗಣಿಸಿ ಹಣ ವಾಪಸು ಕೊಡುವುದಿಲ್ಲ.