ಪಟ್ಟ್ಯಾಗ ಹೆಸರಿಲ್ಲ

(ಶರಣಸಿರಸಗಿಯ ಒಂದು ಗುಡಿಕಟ್ಟೆ. ಮುತ್ಯಾ ಅಂಗೈಯಲ್ಲಿ ತಂಬಾಕಿಗೆ ಸುಣ್ಣ ಹಚ್ಚಿ ತಿಕ್ಕುತ್ತಿದ್ದಾನೆ. ಹತ್ತನೇ ಕ್ಲಾಸಿನ ಮೊಮ್ಮಗನ ಹೆಬ್ಬೆರಳು ಅದೇ ವೇಗದಲ್ಲಿ ಮೊಬೈಲ್ ತಿಕ್ಕುತ್ತಿದೆ.)

ಮುತ್ಯಾ: ಮುಂಜಾನಿಂದ ಅದನ್ನೇ ತಿಕ್ಲಾಕತ್ತಿ. ಚಟ ಹತ್ಯಾದ ನಿನಗ.

ಮೊಮ್ಮಗ: ಚಟ ಅಲ್ಲ ಮುತ್ಯಾ. ವಿಶ್ವ ಆರೋಗ್ಯ ಸಂಸ್ಥೆ 2019ರಾಗ ರೋಗದ ಪಟ್ಟಿಗಿ ಒಪ್ಪಿಗಿ ಕೊಡ್ತು. ಅದರಾಗ ಗೇಮಿಂಗ್ ಅದ, ರೀಲ್ಸ್ ಇಲ್ಲ.

ಮುತ್ಯಾ: ನಮ್ಮ ಹೆಸರು ಬಿಪಿಎಲ್ ಪಟ್ಟ್ಯಾಗ ಇಲ್ಲ. ಹಂಗಂತ ನಾವು ಸಾವ್ಕಾರ್ರೇನು? ಬೆಂಗಳೂರಿನ ನಿಮ್ಹಾನ್ಸ್‌ನಾಗ 2014ರಿಂದ ಈ ಮೊಬೈಲ್ ಚಟಕ್ಕಂತನೇ ಕ್ಲಿನಿಕ್ ನಡಸ್ಲಾಕತ್ತಾರ. ರೋಗಿಲ್ಲದ ದವಾಖಾನಿ ಕಟ್ಟತಾರೇನು?

ಮೊಮ್ಮಗ: ಎಷ್ಟು ತಾಸು ನೋಡ್ದಿ ಅನ್ನೋದೊಂದೇ ಲೆಕ್ಕ ಅಲ್ಲ. ನಿದ್ದಿ ಕೆಡ್ತದಾ, ಓದು ಬೀಳ್ತದಾ, ಬಿಡಬೇಕಂದ್ರೂ ಬಿಡ್ಲಾಕ ಆಗಲ್ದಾ, ಅದು ಮುಖ್ಯ.

ಮುತ್ಯಾ: ನಿನ್ನ ನಿದ್ದಿ?

ಮೊಮ್ಮಗ: ಕ್ಲಾಸಿನ್ಯಾಗ ಛಂದ ಬರ್ತದ.

(ಗಣಿತದ ಮಾಸ್ತರರೂ ಇದಕ್ಕೆ ಸಾಕ್ಷಿ ಹೇಳಿಯಾರು. ಅವರು ಎಚ್ಚರ ಇದ್ದರೆ.)

ಮುತ್ಯಾ: ಆಸ್ಟ್ರೇಲಿಯಾದಾಗ 16 ವರ್ಷದೊಳಗಿನ ಹುಡುಗರ ಸೋಶಿಯಲ್ ಮೀಡಿಯಾ ಅಕೌಂಟೇ ಬಂದ್ ಮಾಡ್ಯಾರ, 2025ರ ಡಿಸೆಂಬರ್‌ದಾಗ. ಸರ್ಕಾರ ಕಂಪನಿಗೋಳಿಗೇ ದಂಡದ ಭಯ ಹಾಕ್ಯಾದ.

ಮೊಮ್ಮಗ: ನಿನಗ್ಯಾರು ಹೇಳಿದ್ರು?

ಮುತ್ಯಾ: ವಾಟ್ಸಾಪಿನ್ಯಾಗ ಬಂದಿತ್ತು. ನಿನ್ನೆ ರಾತ್ರಿ ಎರಡು ಗಂಟಿಗಿ ನೋಡ್ದೆ.

ಮೊಮ್ಮಗ: ನಿನ್ನ ನಿದ್ದಿ ಮುತ್ಯಾ?

ಮುತ್ಯಾ: ವಯಸ್ಸಾದವ್ರಿಗಿ ನಿದ್ದಿ ಎಲ್ಲಿಂದ ಬರ್ಬೇಕು! ಅದಿರ್ಲಿ, ಚಾರ್ಜರ್ ಕೊಡಿಲ್ಲಿ.

ಮೊಮ್ಮಗ: ಮೊದ್ಲು ಆ ತಂಬಾಕು ಕೆಳಗಿಡು. ಅದರ ಹೆಸರು ಪಟ್ಟ್ಯಾಗ ಅದ.

ಮುತ್ಯಾ: ಪಟ್ಟಿ ಮಾಡ್ದವ್ರಿಗಿ ಏನ್ ತಿಳೀತದ, ಬಿಡು.