ಬಸವನಹುಳುವಿನ ಶಿಷ್ಯ

ಇನ್ನು ನಿಧಾನವಾಗಿ ಬದುಕುವುದೆಂದು ತೀರ್ಮಾನಿಸಿದೆ. ತೀರ್ಮಾನ ಮಾತ್ರ ಅವಸರದ್ದು. 1986ರಲ್ಲಿ ರೋಮಿನ ನಟ್ಟನಡುವೆ ಮೆಕ್‌ಡೊನಾಲ್ಡ್ಸ್ ಬಂತೆಂದು ಕೆರಳಿದ ಇಟಲಿಯವರಿಂದ ‘ಸ್ಲೋ ಫುಡ್’ ಚಳವಳಿ ಹುಟ್ಟಿತು, ಅದರ ಲಾಂಛನ ಬಸವನಹುಳು ಎಂದು ಓದಿದ್ದೆ. ನಮ್ಮ ಕುಂಡದ ಮೆಂತ್ಯ ಸೊಪ್ಪನ್ನು ಒಂದೇ ರಾತ್ರಿಗೆ ಮೇಯ್ದು ಮುಗಿಸಿದ್ದು ಅದರ ಬಂಧುವೇ. ಆದರೂ ಗುರುವೆಂದು ಒಪ್ಪಿಕೊಂಡೆ.

ಮೊದಲ ಸಾಧನೆ ಕಾಫಿ. ಇನ್‌ಸ್ಟಂಟ್ ಡಬ್ಬಿಯನ್ನು ಗಡೀಪಾರು ಮಾಡಿ, ಅಟ್ಟದಿಂದ ಅಜ್ಜಿಯ ಹಿತ್ತಾಳೆ ಫಿಲ್ಟರ್ ಇಳಿಸಿದೆ. ಪುಡಿ ಹಾಕಿ, ಒತ್ತಿ, ಕುದಿನೀರು ಸುರಿದು, ಎದುರಿಗೆ ಪದ್ಮಾಸನ ಹಾಕಿ ಕೂತೆ. ಸಂಕಷ್ಟಿಯ ದಿನ ಮೋಡದಲ್ಲಿ ಚಂದ್ರನಿಗೆ ಕಾದವರಿಗಷ್ಟೇ ಗೊತ್ತು ಆ ತಾಳ್ಮೆ. ಇಪ್ಪತ್ತು ನಿಮಿಷದ ಮೇಲೆ ತೆಗೆದು ನೋಡಿದರೆ ತಳದಲ್ಲಿ ತೀರ್ಥದಷ್ಟು ಡಿಕಾಕ್ಷನ್! ಒತ್ತಿದ್ದರಲ್ಲಿ ಶ್ರದ್ಧೆ ಜಾಸ್ತಿಯಾಗಿ, ಚಿಕೋರಿಯೂ ಸೇರಿ ಗಾರೆಯಾಗಿ, ತೂತುಗಳೆಲ್ಲ ಮುಚ್ಚಿದ್ದವು. ನೆತ್ತಿಗೆ ತಟ್ಟಿದೆ. ಫಿಲ್ಟರಿನ ನೆತ್ತಿಗೆ.

“ಏನ್ರೀ, ಇದು ಕಾಫಿನೋ, ಶಿವಲಿಂಗಕ್ಕೆ ಅಭಿಷೇಕಾನೋ?” ಅಂದಳು ಹೆಂಡತಿ. “ನಿಮ್ಮಜ್ಜಿ ಹಿಂದಿನ ರಾತ್ರೀನೇ ಹಾಕಿಟ್ಟು ಮಲಗ್ತಿದ್ರಂತೆ.”

ಅಂದರೆ ಅಜ್ಜಿಯ ನಿಧಾನವೆಲ್ಲ ಗೊರಕೆಯ ಹೊತ್ತಿನಲ್ಲೇ ನಡೆದುಹೋಗುತ್ತಿತ್ತು! ನನಗೆ ಯಾರೂ ಹೇಳಿರಲಿಲ್ಲ.

8.10ರ ಬಸ್ ಹೋಗಿತ್ತು. ಆಟೋ ಹಿಡಿದೆ. ಹೆಬ್ಬಾಳದ ಮೇಲ್ಸೇತುವೆಯ ಮೇಲೆ ನಲವತ್ತು ನಿಮಿಷ ನಿಂತೆವು. ನಾನು ಗಡಿಯಾರ ನೋಡುತ್ತಾ, ಉಗುರು ಕಚ್ಚುತ್ತಾ, ಮುಂದಿನ ಲಾರಿಯನ್ನು ಶಪಿಸುತ್ತಾ. ಡ್ರೈವರ್ ಎಂಜಿನ್ ಆರಿಸಿದ, ಸೀಟಿನಡಿಯಿಂದ ಫ್ಲಾಸ್ಕ್ ತೆಗೆದ, ಲೋಟಕ್ಕೆ ಕಾಫಿ ಬಗ್ಗಿಸಿಕೊಂಡು ಊದಿ ಊದಿ ಕುಡಿಯತೊಡಗಿದ. ಫಿಲ್ಟರ್ ಕಾಫಿ, ಘಮಘಮ. ಆಮೇಲೆ ತಿರುಗಿ, “ಒಂದು ಗುಟುಕು ಹಾಕ್ಲಾ ಸಾರ್? ಅವಸರ ಏನಿಲ್ವಲ್ಲ?” ಅಂದ.