ವಾಚನಾಲಯದ ಜೀರ್ಣೋದ್ಧಾರ

ಕಾರ್ಯದರ್ಶಿಗಳು ಶಲ್ಯವನ್ನು ಸರಿಪಡಿಸಿಕೊಂಡು, “ರಾಯರೇ, 1965ರ ಗ್ರಂಥಾಲಯ ಅಧಿನಿಯಮದ ಕೃಪೆಯಿಂದ ಆಸ್ತಿತೆರಿಗೆಯ ಬೆನ್ನೇರಿ ಬರುವ ಗ್ರಂಥಾಲಯ ಕರದಲ್ಲಿ, ಓದುಗರಿಲ್ಲದೆ ಸೊರಗಿದ ಈ ವಾಚನಾಲಯಕ್ಕೆ ಹವಾನಿಯಂತ್ರಣವನ್ನೂ ಗಾಜಿನ ಬಾಗಿಲನ್ನೂ ಬೆರಳಿಟ್ಟರೆ ಬೆಳಗುವ ಪರದೆಯನ್ನೂ ಒದಗಿಸಿದ್ದಾಯಿತು, ಇನ್ನು ಜನಸ್ತೋಮವು ಹರಿದುಬರುವುದೊಂದೇ ಬಾಕಿ” ಎಂದರು.

“ಮಹದುಪಕಾರ, ಸ್ವಾಮಿ. ಪದಬಂಧವನ್ನು ಯಾರೋ ಪುಣ್ಯಾತ್ಮರು ಮೊದಲೇ ಪೆನ್ನಿನಿಂದ, ಅದೂ ತಪ್ಪುತಪ್ಪಾಗಿ, ತುಂಬಿಟ್ಟಿರುತ್ತಿದ್ದರೆಂದು ನಾವು ನಿತ್ಯವೂ ಕಲಹವಾಡುತ್ತಿದ್ದ ಆ ಉದ್ದನೆಯ ಮೇಜು?”

“ಹರಾಜಾಯಿತು.”

“ಜಗುಲಿಯ ಬೆಂಚು?”

“ಹರಟೆಗೆ ಆಸ್ಪದವಾಗುತ್ತಿತ್ತು, ತೆಗೆಸಿದೆವು.”

(ಹರಟೆಯಿಲ್ಲದ ವಾಚನಾಲಯವನ್ನು ಗೋದಾಮು ಎನ್ನುವುದೇ ವಾಡಿಕೆ.)

“ದಿನಪತ್ರಿಕೆ?”

“ಪರದೆಯಲ್ಲಿದೆ. ಪಾಸ್‌ವರ್ಡನ್ನು ಗ್ರಂಥಪಾಲಕರು ಕೊಡುತ್ತಾರೆ. ಆ ಹುದ್ದೆ ಮಾತ್ರ ಖಾಲಿಯಿದೆ.”

“ಹಾಗಾದರೆ ಓದುಗರು ಸೇರುವುದೆಲ್ಲಿ?”

“ಅದನ್ನು ಚಿಂತಿಸಲೆಂದೇ ಪುನಶ್ಚೇತನ ಸಮಿತಿಯನ್ನು ರಚಿಸಿದ್ದೇವೆ. ನಾಳೆ ಸಂಜೆ ಸಭೆ, ಎದುರಿನ ಕಾಫಿ ಹೋಟೆಲಿನಲ್ಲಿ. ತಪ್ಪದೆ ಬನ್ನಿ, ಅಲ್ಲಿ ಕೂರಲು ಜಾಗವಿದೆ.”